ಒಳಗಿನ ನಾಲ್ಕು ಕಂಬಗಳು

ಶ್ರೀ ಗುರುಬಸವಲಿಂಗಾಯ ನಮಃ

ಕರೇಕಲ್ಲಹಾಳು
12-1-1998

ಶ್ರೀಮತಿ ಉಚ್ಚೆಂಗಮ್ಮ ಅವರಿಗೆ ನಮಸ್ಕಾರಗಳು.

ನಿಮ್ಮ ವಿಳಾಸವನ್ನು ಹೊಸಪೇಟೆಯ ಕಂಪ್ಯೂಟರ್ ಸೆಂಟರಿನವರು ಕೊಟ್ಟರು. ಸಂಡೂರಿನ ಗಣಿ ಕಂಪನಿಯೊಂದರ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನಿಮ್ಮ ಕೈಯಲ್ಲೇ ಇದೆಯಂತೆ. ನಾನು ಕೊಟ್ರಬಸಮ್ಮ. ಹತ್ತು ವರ್ಷದ ಹಿಂದೆ ಹೊಸಪೇಟೆಯಲ್ಲಿ ನಿಮ್ಮ ಜೊತೆ ಡಿಪ್ಲೊಮಾ ಮಾಡಿದವಳು. ಮದುವೆಯಾಗಿದ್ದೂ ಇದೇ ಊರಿನಲ್ಲಿ, ಈಗ ಇದೇ ಊರಿನ ಪಂಚಾಯಿತಿ ಅಧ್ಯಕ್ಷೆ.

ಕೆಲಸದ ಮಾತಿಗೆ ಬರುತ್ತೇನೆ. ಕಂಪ್ಲಿ ದಾರಿಯಲ್ಲಿದ್ದ ನಮ್ಮೂರ ಹದಿನಾರು ಕಂಬದ ಮಂಟಪ ನಿಮಗೆ ನೆನಪಿರಲೇಬೇಕು. ಉಪಕಾಲುವೆ ಅಗಲ ಮಾಡುವಾಗ ಅದನ್ನು ಬಿಚ್ಚಿದರು. ಅದಕ್ಕೂ ಮೊದಲು ನಾವಿಬ್ಬರೂ ಪ್ರಾಜೆಕ್ಟ್ ಎಂದು ಒಂದೊಂದು ಕಲ್ಲನ್ನೂ ಅಳೆದು ಕಂಪ್ಯೂಟರಿಗೆ ಹಾಕಿದೆವು. ಕಲ್ಲುಗಳು ಹತ್ತು ವರ್ಷದಿಂದ ಕಾಲುವೆಯ ಆಚೆ ಜಾಲಿಯ ಪೊದೆಯಲ್ಲಿ ಬಿದ್ದಿವೆ. ಈಗ ಊರಿನವರೆಲ್ಲ ಸೇರಿ ಹೊಸ ಕಟ್ಟೆ ಕಟ್ಟಿಸಿದ್ದೇವೆ. ಮಂಟಪವನ್ನು ಅದರ ಮೇಲೆ ಎಬ್ಬಿಸಬೇಕು. ಆದರೆ ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದ ನಂಬರುಗಳು ಮಳೆಗೆ ತೊಳೆದು ಹೋಗಿವೆ. ಹಂಪಿ ಕಡೆಯ ಮೇಸ್ತ್ರಿ ಕಾಳಪ್ಪ ಬಂದು ನೋಡಿ, "ಯಾವ ಕಲ್ಲು ಯಾವ ಜಾಗದ್ದು ಅಂತ ಗೊತ್ತಾಗ್ದೆ ಕೈ ಹಚ್ಚಂಗಿಲ್ಲ ತಾಯೀ" ಎಂದುಬಿಟ್ಟ.

ಆ ಎರಡು ದೊಡ್ಡ ಫ್ಲಾಪಿಗಳು ನನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಇದ್ದವು. ಸೆಂಟರಿಗೆ ಒಯ್ದೆ. ಅಲ್ಲಿ ಎಲ್ಲ ಹೊಸ ಮಷೀನುಗಳು. ಯಾವುದೋ ಹಳೆಯದನ್ನು ಹುಡುಕಿ ಫೈಲು ಇಳಿಸಿಕೊಂಡು, ಹೊಸ ಆಫೀಸ್ ಪ್ರೋಗ್ರಾಮಿನಲ್ಲಿ ತೆರೆಯಲು ಹೋದರೆ ಅದು ಒಪ್ಪಲೇ ಇಲ್ಲ. ಫೈಲು ಕೆಟ್ಟುಹೋಗಿದೆ, ಆಸೆ ಬಿಡಿ ಎಂದರು. ಆಸೆ ಬಿಡುವ ಮೊದಲು ನಿಮ್ಮನ್ನು ಕೇಳಬೇಕೆನಿಸಿತು.

ಭಾರದ ಕಲ್ಲುಗಳನ್ನು ಕ್ರೇನಿನಲ್ಲಿ ತರಲು ಒಣಗಿದ ಕಾಲುವೆಯ ತಳವೊಂದೇ ದಾರಿ. ಜುಲೈನಲ್ಲಿ ನೀರು ಬಿಟ್ಟರೆ ಈ ವರ್ಷದ ಮಾತು ಮುಗಿಯಿತು. ನಿಮ್ಮಿಂದ ಸಾಧ್ಯವೇ?

ಇಂತಿ,
ಕೊಟ್ರಬಸಮ್ಮ
ಅಧ್ಯಕ್ಷರು, ಗ್ರಾಮ ಪಂಚಾಯಿತಿ

*

ಜೈ ಭೀಮ್

ಸಂಡೂರು
19-1-1998

ಅಧ್ಯಕ್ಷರಿಗೆ,

ಸಾಧ್ಯ.

ಫೈಲು ಕೆಟ್ಟಿಲ್ಲ. ಸೆಂಟರಿನವರು ಏನು ಮಾಡಿರಬಹುದೆಂದು ಇಲ್ಲಿಂದಲೇ ಹೇಳುತ್ತೇನೆ. ನಾವು ಮಾಡಿದ್ದು ಒಂದು ಫೈಲಲ್ಲ, ಜೋಡಿ. ಒಂದರಲ್ಲಿ ಕಲ್ಲಿನ ಸಂಖ್ಯೆ, ಉದ್ದ, ಅಗಲ, ಎತ್ತರ, ಜಾಗ. ಇನ್ನೊಂದರಲ್ಲಿ ಮಾತುಗಳು: ಎಲ್ಲಿ ಕಮಲವಿದೆ, ಎಲ್ಲಿ ಮೂಲೆ ಒಡೆದಿದೆ, ಯಾವ ಮುಖ ಮೂಡಲಕ್ಕೆ ಇತ್ಯಾದಿ. ಎರಡೂ ಒಂದೇ ಹೆಸರಿನಲ್ಲಿ, ಒಂದೇ ಜಾಗದಲ್ಲಿ, ಅಕ್ಕಪಕ್ಕ ಇರಬೇಕು. ಒಂದನ್ನು ಬಿಟ್ಟು ಒಂದನ್ನು ಕರೆದರೆ ಹೊಸ ಪ್ರೋಗ್ರಾಮು ಬಾಗಿಲು ತೆಗೆಯುವುದಿಲ್ಲ. ಅವರು ಎರಡನೇ ಫ್ಲಾಪಿಯನ್ನು ನೋಡಿಯೂ ಇರಲಿಕ್ಕಿಲ್ಲ. ಅದರ ಮೇಲೆ ಮೊದಲನೆಯದಕ್ಕೆ ಚೆಂದ ಕಾಣಲೆಂದು ಉದ್ದ ಹೆಸರನ್ನೂ ಇಟ್ಟಿರುತ್ತಾರೆ. ಆ ಕಾಲದ ಫೈಲುಗಳ ಹೆಸರು ಎಂಟು ಅಕ್ಷರ ದಾಟಬಾರದು.

ಎರಡೂ ಫ್ಲಾಪಿಗಳನ್ನು ಯಾರದಾದರೂ ಕೈಯಲ್ಲಿ ಕಳಿಸಿ, ಅಂಚೆಯಲ್ಲಿ ಬೇಡ. ತರುವವರಿಗೆ ಬಸ್ಸಿನ ಸ್ಪೀಕರಿನ ಹತ್ತಿರ ಕೂರಬೇಡಿ ಎಂದು ಹೇಳಿ. ಅಯಸ್ಕಾಂತ ತಾಗಿದರೆ ಮಾತ್ರ ನನ್ನಿಂದಲೂ ಏನೂ ಆಗದು.

ನಮ್ಮ ಗೋಡೌನಿನಲ್ಲಿ ದೊಡ್ಡ ಫ್ಲಾಪಿ ಓದುವ ಹಳೆಯ ಮಷೀನು ಇನ್ನೂ ಇದೆ. ಗುಜರಿಗೆ ಹಾಕಲು ನಾನು ಬಿಟ್ಟಿಲ್ಲ. ಎಷ್ಟು ಲಾರಿ ಅದಿರು ಹೋಯಿತು ಎಂಬ ಹಳೆಯ ಲೆಕ್ಕವನ್ನೆಲ್ಲ ಹೊಸದಕ್ಕೆ ಏರಿಸಿದವಳು ನಾನೇ. ಇದು ಅದಕ್ಕಿಂತ ದೊಡ್ಡದೇನಲ್ಲ.

ಉಚ್ಚೆಂಗಮ್ಮ

*

ಕರೇಕಲ್ಲಹಾಳು
2-2-1998

ಉಚ್ಚೆಂಗಮ್ಮ ಅವರಿಗೆ,

ನಮ್ಮ ನೀರಗಂಟಿ ಹನುಮಣ್ಣನ ಕೈಯಲ್ಲಿ ಫ್ಲಾಪಿಗಳನ್ನು ಕಳಿಸುತ್ತಿದ್ದೇನೆ. ಸ್ಪೀಕರಿನ ವಿಷಯ ಹೇಳಿದ್ದಕ್ಕೆ ಹೆದರಿಕೊಂಡು, "ಅಕ್ಕಾರ, ನಾನು ಬಸ್ಸಿನ ಟಾಪ್ ಮ್ಯಾಲೆ ಕುಂತು ಹೋಗ್ಲೇನ್ರಿ?" ಎಂದ. ಒಳಗೇ ಕೂರು, ಹಿಂದಿನ ಸೀಟಿನಲ್ಲಿ ಎಂದಿದ್ದೇನೆ.

ನೀವು ಹೇಳಿದ್ದು ಅಕ್ಷರಶಃ ನಿಜವಾಯಿತು. ಸೆಂಟರಿಗೆ ಹೋಗಿ ಕೇಳಿದರೆ, ಎರಡನೇ ಫ್ಲಾಪಿ ಖಾಲಿ ಎಂದು ಬದಿಗಿಟ್ಟಿದ್ದರು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಕೈಬರಹ ಹಾಗೇ ಇದೆ. ಇನ್ನೂ ಏನೇನೋ ಬರೆಯಬೇಕೆಂದು ಕೂತೆ. ಹನುಮಣ್ಣ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದಾನೆ.

ಇಂತಿ,
ಕೊಟ್ರಬಸಮ್ಮ

*

ಜೈ ಭೀಮ್

ಸಂಡೂರು
16-2-1998

ಅಧ್ಯಕ್ಷರಿಗೆ,

ಫೈಲು ತೆರೆಯಿತು.

ಮೊದಲ ಫ್ಲಾಪಿ ಸ್ವಲ್ಪ ಸತಾಯಿಸಿತು. ಅರ್ಧಕ್ಕೆ ಬಂದು ಗರಗರ ಸದ್ದು ಮಾಡಿ ನಿಲ್ಲುತ್ತಿತ್ತು. ಮಷೀನಿನಲ್ಲಿ ಫ್ಲಾಪಿ ಓದುವ ತಲೆಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಮತ್ತೆ ಮತ್ತೆ ಓಡಿಸಿದ ಮೇಲೆ ಕೊನೆಗೆ ಪೂರ್ತಿ ಕೊಟ್ಟಿತು. ಎರಡನ್ನೂ ಒಂದೇ ಜಾಗದಲ್ಲಿಟ್ಟು, ಹಳೆಯ ಚಿಕ್ಕ ಹೆಸರನ್ನೇ ಉಳಿಸಿ, ಹೊಸ ಆಫೀಸಿನ ಆಕ್ಸೆಸ್ ಪ್ರೋಗ್ರಾಮಿನಲ್ಲಿ ಕರೆದೆ. ಪರದೆಯ ತುಂಬ ಕಲ್ಲುಗಳು. ಇಂಗ್ಲಿಷ್ ಅಕ್ಷರಗಳಲ್ಲಿ ನಾನು ಹೊಡೆದ ಕನ್ನಡ ಓದಿ ನನಗೇ ನಗು ಬಂತು. ಒಂದು ತೊಲೆಯ ಬಗ್ಗೆ 'ಇದರ ಮೇಲೆ ಗಿಳಿ ಇದೆ, ಕೋಳಿಯೂ ಇರಬಹುದು' ಎಂದು ಬರೆದಿದ್ದೇನೆ.

ನಂಬರು ಅಳಿಸಿ ಹೋಗಿದ್ದರ ಚಿಂತೆ ಬಿಡಿ. ಒಂದು ಕಲ್ಲನ್ನು ಅಳೆದು ಉದ್ದ, ಅಗಲ ಹೇಳಿದರೆ ಸಾಕು. ಆ ಅಳತೆಯವು ಎರಡೋ ಮೂರೋ ಪರದೆಯ ಮೇಲೆ ಬರುತ್ತವೆ. ಪಕ್ಕದ ಮಾತು ಓದಿ ಕಲ್ಲಿನ ಮುಖ ನೋಡಿದರೆ ಅದು ಯಾವುದೆಂದು ಗೊತ್ತಾಗುತ್ತದೆ, ಅದರ ಜಾಗವೂ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಕಂಬಗಳನ್ನಷ್ಟೇ ಎಣಿಸಿದೆ. ಹನ್ನೆರಡು ಇವೆ. ಒಳಗಿನ ನಾಲ್ಕು ಇಲ್ಲ.

ಏಕೆ ಇಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಬರೆಯುತ್ತೇನೆ, ಏಕೆಂದರೆ ನಾವು ಈವರೆಗೆ ಅದನ್ನು ಒಮ್ಮೆಯೂ ಬಾಯಿಬಿಟ್ಟು ಆಡಿಲ್ಲ. ಅಷ್ಟೂ ದಿನ ನೀವು ಕಟ್ಟೆಯ ಮೇಲೆ ನಿಂತು ಅಳತೆ ಕೂಗುತ್ತಿದ್ದಿರಿ, ನಾನು ಕೆಳಗೆ ಬೇವಿನ ಬುಡದಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಆ ಮಂಟಪದಲ್ಲಿ ದೇವರೂ ಇರಲಿಲ್ಲ. ಆದರೂ ಕೇರಿಯ ನಮ್ಮ ಜನ ಅದನ್ನು ಹತ್ತುವಂತಿರಲಿಲ್ಲ. ಕೊನೆಯ ದಿನ ನೀವು ಬರುವುದು ತಡವಾಯಿತು. ನಾನು ಹತ್ತಿ, ಒಳಗಿನ ನಾಲ್ಕು ಕಂಬಗಳನ್ನು ಒಬ್ಬಳೇ ಅಳೆದೆ. ನಿಮ್ಮ ಚಿಕ್ಕಪ್ಪ ಜಡೆಪ್ಪನವರು ನೋಡಿದರು. ಅವರು ಅಂದ ಮಾತನ್ನು ಬರೆಯುವುದಿಲ್ಲ. ಆ ಅಳತೆ ಲೆಕ್ಕಕ್ಕಿಲ್ಲ, ನೀರು ಚಿಮುಕಿಸಿ ನಾಳೆ ಮತ್ತೆ ಅಳೆಯಿರಿ ಎಂದರು. ಹೊಸಪೇಟೆಗೆ ಬಂದು ನಾನು ಆ ನಾಲ್ಕನ್ನೂ ಕಂಪ್ಯೂಟರಿಗೆ ಹಾಕಿಬಿಟ್ಟಿದ್ದೆ. ಪಕ್ಕದಲ್ಲಿ ಕೂತು ನೀವು ಅವುಗಳ ಸಂಖ್ಯೆ ಹೇಳಿದಿರಿ, ನಾನು ಅಳಿಸುವ ಗುರುತು ಹಾಕಿದೆ. ಮರುದಿನ ಅಳೆಯುವ ಮೊದಲೇ ಕಾಲುವೆ ಕೆಲಸದ ಮಷೀನು ಬಂದು ಕಂಬ ಕೆಡವಿತು.

ಆ ಹಳೆಯ ಪ್ರೋಗ್ರಾಮಿನಲ್ಲಿ ಅಳಿಸು ಎಂದರೆ ಬರೀ ಗುರುತು. ಪೂರ್ತಿ ತೆಗೆದುಹಾಕಲು ಇನ್ನೊಂದು ಆಜ್ಞೆ ಕೊಡಬೇಕು. ಅದನ್ನು ನಾನು ಕೊಟ್ಟಿರಲಿಲ್ಲ. ಗುರುತು ಬಿದ್ದವನ್ನು ಹೊಸ ಪ್ರೋಗ್ರಾಮು ತೋರಿಸುವುದಿಲ್ಲ, ಅಷ್ಟೇ. ನಾಲ್ಕೂ ಒಳಗೆ ಇವೆ. ಹಳೆಯ ಪ್ರೋಗ್ರಾಮಿನಲ್ಲಿ ವಾಪಸ್ ಕರೆದರೆ ಬರುತ್ತವೆ.

ಇಲ್ಲಿ ಕರೆಯುವುದಿಲ್ಲ. ಏಪ್ರಿಲ್‌ನಲ್ಲಿ ರಜೆ ಹಾಕಿ ನಿಮ್ಮೂರಿಗೇ ಬರುತ್ತೇನೆ. ಹಳೆಯ ಮಷೀನು, ಹೊಸ ಮಷೀನು ಎರಡನ್ನೂ ಕಂಪನಿಯ ಜೀಪಿನಲ್ಲಿ ತರುತ್ತೇನೆ. ಮೇಜು ಕಟ್ಟೆಯ ಮೇಲೆ ಇರಬೇಕು, ನಟ್ಟನಡುವೆ. ಅಲ್ಲಿಂದ ಎಲ್ಲ ಮೂಲೆಯೂ ಕಾಣುತ್ತದೆ, ಕೆಲಸ ಸರಾಗ. ಅದು ಆಗುವುದಿಲ್ಲವೆಂದರೆ ಈಗಲೇ ಬರೆದು ತಿಳಿಸಿ. ಫ್ಲಾಪಿಗಳನ್ನು ಜೋಪಾನವಾಗಿ ಹಿಂದಿರುಗಿಸುತ್ತೇನೆ.

ಉಚ್ಚೆಂಗಮ್ಮ

*

ಕರೇಕಲ್ಲಹಾಳು
11-3-1998

ಉಚ್ಚೆಂಗಿ,

ಹೀಗೆ ಕರೆಯಬಹುದೇ ಎಂದು ಕೇಳದೆ ಬರೆದುಬಿಟ್ಟಿದ್ದೇನೆ. ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ಚುನಾವಣೆಯ ಗದ್ದಲದಲ್ಲಿ ತಡವಾಯಿತು. ನಿನ್ನೆ ಸಭೆ ಕರೆದೆ. ನಿನ್ನ ಪತ್ರವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಬೇವಿನ ಬುಡದ ಮಾತು ಬಂದಾಗ ಸಭೆಯಲ್ಲಿ ಕೆಲವರು ಕೆಮ್ಮಿದರು. ನಾನು ನಿಲ್ಲಿಸಲಿಲ್ಲ.

ಚಿಕ್ಕಪ್ಪ ಮುಂದಿನ ಸಾಲಿನಲ್ಲೇ ಇದ್ದರು. "ಎಲ್ಲಾ ಕಾಗ್ದದ ಮ್ಯಾಲೆ ಪ್ರಿಂಟ್ ತಗದು ಕಳಸಂತ ಹೇಳು. ಆಕಿ ಯಾಕ ಬರ್ಬೇಕು? ಅದೂ ಕಟ್ಟಿ ಮ್ಯಾಲೆ?" ಎಂದರು.

"ಚಿಕ್ಕಪ್ಪಾ, ಕಲ್ಲಿನ ಮ್ಯಾಲೆ ನಂಬರ್ ಅದಾವೇನು?" ಎಂದೆ.

"ಇಲ್ಲ."

"ಹಂಗಂದ್ರ ಒಂದೊಂದು ಕಲ್ಲು ಅಳದು, ಹುಡುಕಿ ಹೇಳೋರು ಬೇಕು. ನಿಮಗ ಬರತೈತೇನು? ನನಗಂತೂ ಮರತೈತಿ."

"ಬ್ಯಾರೆ ಯಾರನ್ನಾರ ಕರೀ. ಹೊಸಪ್ಯಾಟ್ಯಾಗ ಕಂಪ್ಯೂಟರ್ ಕಲ್ತೋರಿಗೆ ಬರ ಬಂದೈತೇನು?"

"ಹೊಸಪ್ಯಾಟಿಯವ್ರು ಫೈಲು ಕೆಟ್ಟೈತಿ ಅಂದು ಕೈ ಬಿಟ್ರು. ತೆರದಾಕಿ ಉಚ್ಚೆಂಗಮ್ಮ. ಆಕಿ ಕಟ್ಟಿ ಮ್ಯಾಲೆ ಕುಂತು ಕೆಲ್ಸ ಮಾಡ್ತಾಳ. ಅಧ್ಯಕ್ಷಿ ಅಂತ ನಾನು ಹೇಳಾಕತ್ತೀನಿ."

ಆಗ ಕಾಳಪ್ಪ ಮೇಸ್ತ್ರಿ ಎದ್ದು ತನ್ನ ಕಷ್ಟ ಹೇಳಿಕೊಂಡ. ಒಳಗಿನ ನಾಲ್ಕು ಕಂಬಗಳ ತಲೆಯ ಗೂಟಗಳು ಒಂದರ ಹಾಗೆ ಇನ್ನೊಂದಿಲ್ಲವಂತೆ. ಯಾವುದು ಯಾವ ಮೂಲೆಗೆ ಎಂದು ತಪ್ಪಿದರೆ ತೊಲೆ ಕೂರುವುದಿಲ್ಲ, ಬಲವಂತ ಮಾಡಿದರೆ ಸೀಳುತ್ತದೆ. "ಆ ನಾಕು ಇಲ್ಲಂದ್ರ ನನಗ ಕೆಲಸಾನ ಬ್ಯಾಡ" ಎಂದ.

ಕೈ ಎತ್ತಲು ಹೇಳಿದೆ. ಒಂದು ಕ್ಷಣ ಯಾರದೂ ಏಳಲಿಲ್ಲ. ಮೊದಲು ಎದ್ದದ್ದು ಅಂದಾನಪ್ಪ ಮಾಸ್ತರರ ಕೈ. ಆಮೇಲೆ ಹೆಂಗಸರ ಸಾಲು. ಗೆದ್ದೆವು, ಬಹಳ ಅಂತರದಿಂದಲ್ಲ. ಚಿಕ್ಕಪ್ಪ ಟವೆಲು ಕೊಡವಿ ಎದ್ದು ಹೋದರು. ತಮ್ಮ ಎರಡು ಟ್ರ್ಯಾಕ್ಟರುಗಳನ್ನೂ ಕೊಡುವುದಿಲ್ಲವಂತೆ. ಕೊಡದಿದ್ದರೆ ಬಿಡಲಿ. ಕಂಪ್ಲಿಯಿಂದ ತರಿಸುತ್ತೇನೆ.

ನೀನು ಬರೆದದ್ದೆಲ್ಲ ಹಾಗೆಯೇ ನಡೆದದ್ದು, ಒಂದಕ್ಷರವೂ ಹೆಚ್ಚಿಲ್ಲ.

ಬಾ. ಮೇಜು ನಟ್ಟನಡುವೆ ಇರುತ್ತದೆ.

ಕೊಟ್ರಿ

*

ಜೈ ಭೀಮ್

ಸಂಡೂರು
2-4-1998

ಅಧ್ಯಕ್ಷರಿಗೆ,

ಪತ್ರ ತಲುಪಿತು. ಯುಗಾದಿ ಕಳೆದಿದೆ, ರಜೆಯೂ ಸಿಕ್ಕಿದೆ. ಇದೇ ಹದಿನಾಲ್ಕಕ್ಕೆ ಬಾಬಾಸಾಹೇಬರ ಜಯಂತಿ. ಬಂಡ್ರಿಯಲ್ಲಿ ಅಪ್ಪನ ಜೊತೆ ಮುಗಿಸಿಕೊಂಡು ಮರುದಿನ ಬೆಳಿಗ್ಗೆ ನಿಮ್ಮೂರಿನಲ್ಲಿರುತ್ತೇನೆ.

ಸಿದ್ಧ ಮಾಡಬೇಕಾದ್ದು: ಪಂಪ್‌ಸೆಟ್ಟಿನಿಂದ ಕರೆಂಟು ಎಳೆಯುವುದಾದರೆ ಅದಕ್ಕೆ ಸ್ಟೆಬಿಲೈಸರ್ ಬೇಕು, ಇಲ್ಲದಿದ್ದರೆ ಎರಡೂ ಮಷೀನು ಸುಟ್ಟು ಹೋಗುತ್ತವೆ. ಪರದೆಗೆ ಬಿಸಿಲು ಬೀಳಬಾರದು, ಮೇಲೆ ತಾಡಪಾಲು ಕಟ್ಟಿಸಿ. ಧೂಳಿಗೆ ಒದ್ದೆ ಗೋಣಿಚೀಲ. ಒಳ್ಳೆಯ ಉಕ್ಕಿನ ಟೇಪು ಎರಡು, ಬಟ್ಟೆಯದು ಬೇಡ, ಅದು ಹಿಗ್ಗುತ್ತದೆ.

ಸಭೆಯಲ್ಲಿ ಪತ್ರ ಓದಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಕ್ಷರ ಇನ್ನೂ ದುಂಡಗೆ ಬರೆಯುತ್ತಿದ್ದೆ.

ಉಚ್ಚೆಂಗಮ್ಮ

*

ಶ್ರೀ ಗುರುಬಸವಲಿಂಗಾಯ ನಮಃ

ಕರೇಕಲ್ಲಹಾಳು
24-5-1998

ಉಚ್ಚೆಂಗಿ,

ರಜೆ ಮುಗಿಯಿತೆಂದು ನೀನು ಹೊರಟುಬಿಟ್ಟೆ. ಹೊರಗಿನ ಸಾಲೆಲ್ಲ ಎದ್ದಿತ್ತು, ಒಳಗಿನ ನಾಲ್ಕೂ ನಿಂತಿದ್ದವು, ತೊಲೆಗಳು ಉಳಿದಿದ್ದವು. ನೀನು ನೋಡದೆ ಹೋದದ್ದನ್ನು ಬರೆಯುತ್ತೇನೆ.

ಮೂರು ತೊಲೆ ಬೆಣ್ಣೆಯ ಹಾಗೆ ಕೂತವು. ನಾಲ್ಕನೆಯದು ಕೂರಲಿಲ್ಲ. ಕ್ರೇನಿನವನು ಇಳಿಸುತ್ತಾನೆ, ಎರಡು ಬೆರಳು ಮೇಲೆಯೇ ನಿಲ್ಲುತ್ತದೆ. ಮತ್ತೆ ಎತ್ತುತ್ತಾನೆ, ಮತ್ತೆ ಅಷ್ಟೇ. ಊರೆಲ್ಲ ನೆರೆದಿತ್ತು. ಕಾಳಪ್ಪ ಬೆವರು ಒರೆಸಿಕೊಳ್ಳುತ್ತ, "ಅಮ್ಮಾರ, ಕಂಪ್ಯೂಟರ್ ತಪ್ಪು ಹೇಳೈತಿ" ಎಂದ. ರಸ್ತೆಯಾಚೆ ಚಹಾದಂಗಡಿಯಲ್ಲಿ ಕೂತಿದ್ದ ಚಿಕ್ಕಪ್ಪ ಎಲ್ಲರಿಗೂ ಕೇಳುವ ಹಾಗೆ, "ನಾ ಆವತ್ತ ಹೇಳಿದ್ನಿ, ಆ ಅಳತಿ ಲೆಕ್ಕಕ್ಕಿಲ್ಲಂತ" ಎಂದರು.

ಎಲ್ಲರೂ ನನ್ನ ಮುಖ ನೋಡಿದರು. ನೀನು ಪ್ರಿಂಟ್ ತೆಗೆದುಕೊಟ್ಟ ಹಾಳೆ ಕೈಯಲ್ಲಿತ್ತು. ಅಳತೆಗಳನ್ನು ಮತ್ತೆ ನೋಡಿದೆ, ಎಲ್ಲ ಸರಿ. ಆಮೇಲೆ ಮಾತಿನ ಭಾಗವನ್ನು ಬೆರಳಿಟ್ಟು ಓದಿದೆ. ಮೂರನೇ ಕಂಬದ ಮುಂದೆ ನೀನು ಬರೆದಿದ್ದೀ: 'ಹೂವು ನಾಲ್ಕು ಮುಖಕ್ಕೂ ಇದೆ. ಬಡಗಣದ ಹೂವಿಗೆ ಒಂದು ಎಸಳು ಕಡಿಮೆ.' ಓಡಿ ಹೋಗಿ ನೋಡಿದೆ. ಎಸಳು ಕಡಿಮೆಯ ಹೂವು ತೆಂಕಣಕ್ಕೆ ಮುಖ ಮಾಡಿಕೊಂಡಿತ್ತು!

"ಕಂಬ ತಿರುವು ಮುರುವು ನಿಂತೈತಿ ಕಾಳಪ್ಪಾ" ಎಂದು ಕೂಗಿದೆ.

ಅವನು ಏಣಿ ಹತ್ತಿ ತಲೆಯ ಗೂಟ ಮುಟ್ಟಿ ನೋಡಿ, "ಹೌದ್ರಿ, ಗೂಟ ಒಂದು ಕಡಿಗೆ ವಾಲೈತಿ. ನಾನಾ ನೋಡಬೇಕಿತ್ತು" ಎಂದ. ತೊಲೆಯನ್ನು ಕೆಳಗಿಳಿಸಿ, ಕಂಬವನ್ನು ಎತ್ತಿ ತಿರುಗಿಸಿ, ಬುಡ ಬಿಗಿ ಮಾಡುವಷ್ಟರಲ್ಲಿ ಸಂಜೆಯಾಯಿತು. ಮರುದಿನ ಬೆಳಿಗ್ಗೆ ತೊಲೆ ಇಳಿಯಿತು. ಡಬ್ಬಕ್ಕೆ ಮುಚ್ಚಳ ಹಾಕಿದ ಹಾಗೆ ಕೂತಿತು. ನಾನು ಅತ್ತದ್ದನ್ನು ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ. ಹೊಳೆಮ್ಮ ನೋಡಿದ್ದಳು.

ಹೊಳೆಮ್ಮನ ಮಾತು ಬಂತು. ಮೊದಲ ದಿನ ಅವಳೂ ಕೂಲಿಗೆ ಬಂದಿದ್ದ ಅವಳ ಕೇರಿಯ ಹೆಂಗಸರೂ ಬುಟ್ಟಿ ಹೊತ್ತು ಕಟ್ಟೆಯ ಅಂಚಿಗೆ ಬಂದು ನಿಂತುಬಿಟ್ಟಿದ್ದರಲ್ಲ. ನೀನು ಪರದೆಯಿಂದ ತಲೆ ಎತ್ತದೆ, "ಹೊಳೆಮ್ಮಾ, ಟೇಪಿನ ತುದಿ ಹಿಡೀ ಬಾ" ಎಂದೆ. ಅವಳು ನನ್ನ ಮುಖ ನೋಡಿದಳು. ನಾನು ತುದಿಯನ್ನು ಅವಳ ಕಡೆ ಚಾಚಿದೆ, ಅವಳು ಹತ್ತಿ ಬಂದಳು. ನೀನು ಹೋದ ಮೇಲೆ ಅವರು ಮತ್ತೆ ಕೆಳಗೆ ನಿಲ್ಲುತ್ತಾರೇನೋ ಎಂಬ ಅನುಮಾನ ನನಗಿತ್ತು. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಬಂದು ನೋಡಿದರೆ ಅವರೆಲ್ಲ ಕಟ್ಟೆಯ ಮೇಲೆ ತಾಡಪಾಲಿನ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಕರೆದವರು ಯಾರೂ ಇಲ್ಲ. "ಬರ್ರಿ ಅಧ್ಯಕ್ಷರ, ಕುಂದ್ರಿ, ರೊಟ್ಟಿ ತಿನ್ರಿ" ಎಂದರು. ಕೂತು ತಿಂದೆ. ಪುಂಡಿಪಲ್ಯ ಭಾಳ ರುಚಿಯಾಗಿತ್ತು.

ಚಿಕ್ಕಪ್ಪ ಇನ್ನೂ ಮಂಟಪ ಹತ್ತಿಲ್ಲ. ನನ್ನ ಜೊತೆ ಮಾತೂ ಇಲ್ಲ. ಮನೆಯಲ್ಲಿ ಇದರಿಂದ ಬೇಸರವಿದೆ, ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಯಾವ ಹೊತ್ತಿಗೂ ನಾನು ಮಾಡಿದ್ದು ತಪ್ಪು ಎನಿಸಿಲ್ಲ.

ಒಂದು ಮಾತು ಕೇಳಲೇ? ನೀನು ಹಳೆಯ ಮಷೀನಿನಲ್ಲಿ ಆ ನಾಲ್ಕನ್ನು ವಾಪಸ್ ಕರೆದಾಗ ಪಕ್ಕದಲ್ಲಿ ನಾನೇ ಇದ್ದೆ. ಒಂದೊಂದಾಗಿ ಅವು ಬಂದವು. ಆಗಲೇ ಕೇಳಬೇಕೆಂದಿದ್ದೆ, ಜನ ಸುತ್ತ ಇದ್ದರು. ಪೂರ್ತಿ ಅಳಿಸುವ ಆ ಕೊನೆಯ ಆಜ್ಞೆಯನ್ನು ಹತ್ತು ವರ್ಷದ ಹಿಂದೆ ನೀನು ಏಕೆ ಕೊಡಲಿಲ್ಲ? ಮುಂದೊಂದು ದಿನ ಹೀಗಾಗುತ್ತದೆಂದು ಗೊತ್ತಿತ್ತೇ?

ನಿನ್ನ
ಕೊಟ್ರಿ

*

ಜೈ ಭೀಮ್

ಸಂಡೂರು
20-7-1998

ಕೊಟ್ರೀ,

ಕಾಲುವೆಗೆ ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಓದಿದೆ. ಅಷ್ಟರೊಳಗೆ ನೀನು ಕೆಲಸ ಮುಗಿಸಿರುತ್ತೀ ಎಂದು ಗೊತ್ತಿತ್ತು.

ಉತ್ತರಕ್ಕೆ ಎರಡು ತಿಂಗಳು ತೆಗೆದುಕೊಂಡೆ. ಮೊದಲು ನನ್ನ ಕೆಲಸ ಮುಗಿಸೋಣವೆಂದುಕೊಂಡೆ. ಇಡೀ ಫೈಲನ್ನು ಹೊಸ ಪ್ರೋಗ್ರಾಮಿಗೆ ಪೂರ್ತಿ ಏರಿಸಿದ್ದೇನೆ. ಇಂಗ್ಲಿಷ್ ಅಕ್ಷರದ ಆ ಮುರುಕು ಕನ್ನಡವನ್ನು ದಿನಕ್ಕಿಷ್ಟೆಂದು ಕನ್ನಡ ಲಿಪಿಯಲ್ಲೇ ಕೂಡಿಸಿದೆ. ಗಿಳಿಯೋ ಕೋಳಿಯೋ ಎಂಬುದೂ ಇತ್ಯರ್ಥವಾಯಿತು. ಏಪ್ರಿಲ್‌ನಲ್ಲಿ ಹತ್ತಿರದಿಂದ ನೋಡಿದೆನಲ್ಲ, ಅದು ನವಿಲು. ಈಗ ಇನ್ನೊಬ್ಬರು ಇನ್ನೊಂದು ಕಾಲದಲ್ಲಿ ತೆರೆದರೂ ಒಳಗಿನ ನಾಲ್ಕನ್ನೂ ಸೇರಿಸಿ ಹದಿನಾರು ಕಂಬ ಕಾಣುತ್ತವೆ.

ನೀನು ಕೇಳಿದ್ದಕ್ಕೆ ಉತ್ತರ. ಇಲ್ಲ, ಏನೂ ಗೊತ್ತಿರಲಿಲ್ಲ. ಮುಂದೆ ಬೇಕಾದೀತು ಎಂದು ಉಳಿಸಿದ್ದಲ್ಲ, ನಿಮ್ಮೂರಿನ ಮೇಲೆ ಹಗೆ ಸಾಧಿಸಲೂ ಅಲ್ಲ. ಆ ದಿನ ನೀನು ಸಂಖ್ಯೆ ಹೇಳಿ ತಲೆ ತಗ್ಗಿಸಿ ಎದ್ದು ಹೋದೆ. ನಾನು ಒಬ್ಬಳೇ ಕೂತಿದ್ದೆ. ಆ ಆಜ್ಞೆಯನ್ನು ಟೈಪ್ ಮಾಡಿಯೂ ಇದ್ದೆ. ಕೀಲಿ ಒತ್ತಬೇಕು, ಅಷ್ಟೇ. ಪರದೆಯ ಮೇಲೆ ನಾಲ್ಕು ಕಂಬಗಳ ಅಳತೆ ಇತ್ತು. ಮತ್ತೊಮ್ಮೆ ಓದಿದೆ. ಅಳತೆ ಸರಿಯಾಗಿತ್ತು ಕೊಟ್ರೀ. ಸರಿಯಾಗಿದ್ದದ್ದನ್ನು ನನ್ನ ಕೈಯಿಂದ ತೆಗೆಯಲಾಗಲಿಲ್ಲ. ಮಷೀನು ಆರಿಸಿ ಬಸ್ಸಿಗೆ ಹೋದೆ.

ಭಾನುವಾರ ಮೊದಲ ಬಸ್ಸಿಗೆ ಮಗಳನ್ನು ಕರೆದುಕೊಂಡು ಬರುತ್ತಿದ್ದೇನೆ. ಅವಳಿಗೆ ಕಾಲುವೆಯ ನೀರು ನೋಡಬೇಕಂತೆ, ನನಗೆ ನಿನ್ನ ಜೊತೆ ಮಾತಾಡಬೇಕು. ಪಂಚಾಯಿತಿ ಕೆಲಸ ಏನಿದ್ದರೂ ಶನಿವಾರವೇ ಮುಗಿಸಿಕೋ.

ನಿನ್ನ
ಉಚ್ಚೆಂಗಿ